ಅಪ್ಪನ ಹಳೇ ಕೀಪಾಸ್: ಅಪ್‌ಡೇಟ್ ಮಾಡಲೋ, ಹಾಗೇ ಬಿಡಲೋ?

ತುಂಗಾತೀರ:
ಅಪ್ಪನ ಕಂಪ್ಯೂಟರಿನಲ್ಲಿ ಕೀಪಾಸ್ 2.34 ಇದೆ, ಪಾಸ್‌ವರ್ಡ್‌ಗಳನ್ನೆಲ್ಲ ಒಂದೇ ಫೈಲಿನಲ್ಲಿ ಬೀಗ ಹಾಕಿ ಇಡೋ ಸಾಫ್ಟ್‌ವೇರ್. 2016ರದ್ದು. ಬ್ಯಾಂಕು, ಪಿಂಚಣಿ, ಕರೆಂಟ್ ಬಿಲ್ಲು, ಅಮ್ಮನ ಮೇಲ್, ಎಲ್ಲದರ ಪಾಸ್‌ವರ್ಡ್ ಅದರಲ್ಲೇ ಇದೆ. ಈ ವಾರ ಅದಕ್ಕೆ ವಿಂಡೋಸ್ 11 ಹಾಕಿಸಲು ಅಂಗಡಿಗೆ ಕೊಡಬೇಕು. ಅದರ ಜೊತೆಗೆ ಕೀಪಾಸ್ ಕೂಡ ಹೊಸದು ಮಾಡೋಣ ಅಂದರೆ ಅಪ್ಪ "ಓಡ್ತಿರೋದನ್ನ ಯಾಕೆ ಬಿಚ್ತೀಯಾ" ಅಂತಾರೆ. ನಿಜ ಹೇಳಬೇಕೆಂದರೆ ನನಗೂ ಭಯ. ಆಮೇಲೆ ಆ ಫೈಲ್ ತೆರೆಯದೇ ಹೋದರೆ?

ಹಳೆಬೀಗ:
ನಿಮ್ಮಪ್ಪ ಸರಿಯಾಗೇ ಹೇಳಿದ್ದಾರೆ. ಫೈಲ್ ಅವರ ಡಿಸ್ಕಿನಲ್ಲೇ ಇದೆ, ಯಾವ ಕ್ಲೌಡಿನಲ್ಲೂ ಇಲ್ಲ. ಅಪ್‌ಡೇಟ್‌ನಿಂದಲೇ ಕೆಟ್ಟ ಕಥೆ ಬೇಕಾ? 2021ರ ಏಪ್ರಿಲ್‌ನಲ್ಲಿ ಪಾಸ್‌ವರ್ಡ್‌ಸ್ಟೇಟ್ ಅನ್ನೋ ಇಂಥದ್ದೇ ಪಾಸ್‌ವರ್ಡ್ ಸಾಫ್ಟ್‌ವೇರಿನ ಅಪ್‌ಡೇಟ್ ದಾರಿಗೇ ಕಳ್ಳರು ನುಗ್ಗಿದರು. ಸುಮಾರು 28 ಗಂಟೆ. ಆ ಹೊತ್ತಿನಲ್ಲಿ ಅಪ್‌ಡೇಟ್ ಮಾಡಿದವರಿಗೆ ಕಳ್ಳ ಫೈಲ್ ಬಂತು. ಸುಮ್ನೆ ಕೂತವರು ಬಚಾವ್.

ಜವಾರಿಬೈಟ್:
ಅದು ಆಸ್ಟ್ರೇಲಿಯಾದ ಕಂಪನಿಯದ್ದು. ಆಫೀಸುಗಳ ಸರ್ವರ್‌ನಲ್ಲಿ ಕೂರಿಸೋ ಸಾಫ್ಟ್‌ವೇರ್. ಕೀಪಾಸ್ ತಾನಾಗಿ ಏನನ್ನೂ ಇಳಿಸಿಕೊಳ್ಳುವುದಿಲ್ಲ. "ಹೊಸದು ಬಂದಿದೆ" ಅಂತ ಹೇಳುತ್ತದೆ ಅಷ್ಟೇ, ತಂದು ಹಾಕುವುದು ನಮ್ಮ ಕೆಲಸ. ಆ ಹೋಲಿಕೆ ಇಲ್ಲಿಗೆ ಕೂರಲ್ಲ.

ಇನ್ನು 2.34ರಲ್ಲಿ ಇರೋ ತೂತು ಕೇಳಿ. ಮಾಸ್ಟರ್ ಪಾಸ್‌ವರ್ಡ್, ಅಂದರೆ ಕೀಪಾಸ್ ಫೈಲ್ ತೆರೆಯೋ ಪಾಸ್‌ವರ್ಡ್, ಟೈಪ್ ಮಾಡುವಾಗ ಅದರ ಅಕ್ಷರಗಳ ಚೂರು ಮೆಮೊರಿಯಲ್ಲಿ ಉಳಿಯುತ್ತಿತ್ತು. ಮೊದಲ ಅಕ್ಷರ ಬಿಟ್ಟು ಹೆಚ್ಚುಕಮ್ಮಿ ಉಳಿದದ್ದೆಲ್ಲ ಹೆಕ್ಕಬಹುದು ಅಂತ 2023ರಲ್ಲಿ ಒಬ್ಬರು ತೋರಿಸಿಕೊಟ್ಟರು. ಅದೇ ವರ್ಷ ಜೂನ್‌ನಲ್ಲಿ ಬಂದ 2.54ರಲ್ಲಿ ಸರಿಯಾಯಿತು.

ಹಳೆಬೀಗ:
ಮೆಮೊರಿ ಓದೋನು ಆಗಲೇ ಕಂಪ್ಯೂಟರ್ ಒಳಗೆ ಬಂದಿರಬೇಕಲ್ಲ ಸ್ವಾಮಿ? ಕಳ್ಳ ಅಡುಗೆಮನೆಯಲ್ಲಿ ಕಾಫಿ ಕಾಯಿಸ್ತಿರುವಾಗ ಮುಂಬಾಗಿಲ ಚಿಲಕದ ಚರ್ಚೆ ಇದು.

ಜವಾರಿಬೈಟ್:
ಅರ್ಧ ಒಪ್ಪುತ್ತೇನೆ. ಆದರೆ ಮೆಮೊರಿಯಲ್ಲಿ ಇರುವುದು ಮೆಮೊರಿಯಲ್ಲೇ ಇರಲ್ಲ. ಹೈಬರ್ನೇಟ್ ಆದಾಗ ಅದೆಲ್ಲ ಡಿಸ್ಕಿಗೆ ಇಳಿಯುತ್ತದೆ. ಮೆಮೊರಿ ಸಾಲದಾದಾಗ ವಿಂಡೋಸ್ ಡಿಸ್ಕಿನಲ್ಲಿ ಬಳಸೋ ಪೇಜ್ ಫೈಲಿಗೂ ಹೋಗಬಹುದು. ಇವರು ಈ ವಾರ ಆ ಡಿಸ್ಕನ್ನೇ ಅಂಗಡಿಗೆ ಕೊಡುತ್ತಿದ್ದಾರೆ. ಅಂಗಡಿಯವರನ್ನು ಅನುಮಾನಿಸಿ ಅಂತ ಅಲ್ಲ. ಡಿಸ್ಕ್ ಕೈ ಬದಲಾಗುವ ಹೊತ್ತಿಗೆ "ಕಳ್ಳ ಒಳಗೆ ಬರಬೇಕಲ್ಲ" ಅನ್ನೋ ಮಾತಿಗೆ ಬಲ ಕಮ್ಮಿ.

ಕರಾವಳಿಕಾಗೆ:
ಮಾರಾಯ್ರೇ, ನೀವಿಬ್ಬರೂ ಆವೃತ್ತಿ ನಂಬರಿಗೆ ಜಗಳ ಆಡ್ತಾ ಇದ್ದೀರಿ. ಜನ ಮೋಸ ಹೋಗುವುದು ಡೌನ್‌ಲೋಡ್ ಮಾಡುವ ಕಡೆ. 2023ರ ಅಕ್ಟೋಬರ್‌ನಲ್ಲಿ ಗೂಗಲ್‌ನಲ್ಲಿ ಕೀಪಾಸ್ ಅಂತ ಹುಡುಕಿದರೆ ಮೇಲೆ ಒಂದು ಜಾಹೀರಾತು ಬರುತ್ತಿತ್ತು. ಒತ್ತಿದರೆ ಥೇಟ್ ಕೀಪಾಸ್‌ನದ್ದೇ ಥರದ ಪುಟ. ವಿಳಾಸವೂ ಅದೇ ಥರ. ಬರೀ ಇಂಗ್ಲಿಷ್ ಕೆ ಅಕ್ಷರದ ಅಡಿಯಲ್ಲಿ ಒಂದು ಸಣ್ಣ ಗುರುತು. ಪರದೆ ಮೇಲಿನ ಧೂಳು ಅಂತ ಒರೆಸಿ ಮುಂದೆ ಹೋಗುವಷ್ಟು ಸಣ್ಣದು. ವೈರಸ್ ತಡೆಯೋ ಸಾಫ್ಟ್‌ವೇರ್ ಮಾಡುವ ಮಾಲ್‌ವೇರ್‌ಬೈಟ್ಸ್‌ನವರು ಹಿಡಿದರು. ಹುಡುಕಬೇಡಿ. ಕೀಪಾಸ್ ಡಾಟ್ ಇನ್‌ಫೋ ಅಂತ ನೀವೇ ಟೈಪ್ ಮಾಡಿ.

ನಂಜನಗೂಡುರಸಬಾಳೆ:
ಫೈಲಿನ ಬೆರಳಚ್ಚಿನಂಥ ಹ್ಯಾಶ್ ಸಂಖ್ಯೆಯನ್ನು ಪುಟದಲ್ಲಿ ಕೊಟ್ಟದ್ದರ ಜೊತೆ ತಾಳೆ ನೋಡಿದರೆ ಆಯ್ತಲ್ಲ? ಪವರ್‌ಶೆಲ್‌ನಲ್ಲಿ ಒಂದು ಸಾಲು.

ಕರಾವಳಿಕಾಗೆ:
ನಕಲಿ ಪುಟದಲ್ಲಿ ನಕಲಿ ಫೈಲಿನ ಹ್ಯಾಶ್ ಹಾಕಿದ್ದರೆ ಚೆನ್ನಾಗಿ ತಾಳೆಯಾಗುತ್ತದೆ! ಇಳಿಸಿದ ಫೈಲಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಡಿಜಿಟಲ್ ಸಿಗ್ನೇಚರ್ಸ್ ನೋಡಿ. ಸಹಿ ಇದೆ ಅಂತಷ್ಟೇ ಖುಷಿಪಡಬೇಡಿ, ಆ ನಕಲಿ ಫೈಲಿಗೂ ಸಹಿ ಇತ್ತು. ಸಹಿಯಲ್ಲಿ ಹೆಸರು ಯಾರದ್ದು ಅಂತ ಓದಬೇಕು. ಕೀಪಾಸ್ ಬರೆದವರು ಡೊಮಿನಿಕ್ ರೈಕ್ಲ್. ಬೇರೆ ಯಾರದ್ದೋ ಹೆಸರಿದ್ದರೆ ಅಳಿಸಿ ಎದ್ದು ಹೋಗಿ.

ಗುಳೇದ್‌ಮಗ:
ಇಷ್ಟೆಲ್ಲ ಯಾಕ್ರೀ? ಮೊದಲು ಎಲ್ಲಾ ಸಿಎಸ್‌ವಿಗೆ ಎಕ್ಸ್‌ಪೋರ್ಟ್ ಮಾಡಿ ಡೆಸ್ಕ್‌ಟಾಪ್ ಮೇಲೆ ಇಟ್ಟುಕೊಳ್ಳಿ. ಏನಾದರೂ ಆದರೆ ಅದು ಇದ್ದೇ ಇರುತ್ತದೆ.

ಜವಾರಿಬೈಟ್:
ದಯವಿಟ್ಟು ಬೇಡ. ಸಿಎಸ್‌ವಿ ಅಂದರೆ ಯಾರು ಬೇಕಾದರೂ ಓದಬಹುದಾದ ಬರೀ ಅಕ್ಷರ. ಎಷ್ಟೋ ವಿಂಡೋಸ್ ಕಂಪ್ಯೂಟರುಗಳಲ್ಲಿ ಡೆಸ್ಕ್‌ಟಾಪ್ ಫೋಲ್ಡರ್ ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಒನ್‌ಡ್ರೈವ್‌ಗೆ ಸಿಂಕ್ ಆಗುತ್ತಿರುತ್ತದೆ, ಮನೆಯವರಿಗೆ ಗೊತ್ತೇ ಇರಲ್ಲ. ಅಳಿಸಿದರೂ ಅಲ್ಲಿನ ರೀಸೈಕಲ್ ಬಿನ್‌ನಲ್ಲಿ 30 ದಿನ ಕೂತಿರುತ್ತದೆ. ಬ್ಯಾಕಪ್‌ಗೆ ಕೀಪಾಸ್ ಪಾಸ್‌ವರ್ಡ್ ಇಡೋ ಕೆಡಿಬಿಎಕ್ಸ್ ಫೈಲನ್ನೇ ಕಾಪಿ ಮಾಡಿ. ಅದು ಬೀಗ ಹಾಕಿದ ಪೆಟ್ಟಿಗೆ, ಪೆನ್‌ಡ್ರೈವ್‌ನಲ್ಲಿ ಇದ್ದರೂ ಬೀಗ ಹಾಕಿಯೇ ಇರುತ್ತದೆ.

ಮಧ್ಯರಾತ್ರಿಕಾಫಿ:
ಕಾಪಿ ಮಾಡಿದರೆ ಸಾಲದು, ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ನಾನು ಪಟ್ಟ ಪಾಡು ಹೇಳುತ್ತೇನೆ. ಕಂಪ್ಯೂಟರ್ ಫಾರ್ಮ್ಯಾಟ್ ಮಾಡೋ ಮೊದಲು ಕೆಡಿಬಿಎಕ್ಸ್ ಫೈಲ್ ಎರಡು ಪೆನ್‌ಡ್ರೈವ್‌ಗೆ ಹಾಕಿದ್ದೆ. ಪಾಸ್‌ವರ್ಡ್ ನೆನಪಿತ್ತು. ಆದರೂ ತೆರೆಯಲಿಲ್ಲ. ಯಾಕೆ ಅಂದರೆ ಎಂದೋ ಒಂದು ದಿನ "ವಿಂಡೋಸ್ ಯೂಸರ್ ಅಕೌಂಟ್" ಅನ್ನೋದಕ್ಕೂ ಟಿಕ್ ಹಾಕಿದ್ದೆ. ಆಗ ಬೀಗದ ಒಂದು ಭಾಗ ಆ ವಿಂಡೋಸ್ ಅಕೌಂಟಿನ ಒಳಗಿರುತ್ತದೆ. ಫಾರ್ಮ್ಯಾಟ್ ಆದಮೇಲೆ ಅದೇ ಹೆಸರು, ಅದೇ ಪಾಸ್‌ವರ್ಡ್ ಇಟ್ಟು ಅಕೌಂಟ್ ಮಾಡಿದರೂ ಅದು ಬೇರೆಯೇ ಅಕೌಂಟ್. ಮೂರು ವಾರ ಎಲ್ಲಾ ಕಡೆ "ಫರ್ಗಾಟ್ ಪಾಸ್‌ವರ್ಡ್" ಒತ್ತಿಕೊಂಡು ಕೂತಿದ್ದೆ.

ಅಂಗಡಿಯವರು ಫಾರ್ಮ್ಯಾಟ್ ಮಾಡ್ತಾರಾ, ಇರೋದರ ಮೇಲೇ ಹಾಕ್ತಾರಾ ಅಂತ ಮೊದಲು ಕೇಳಿ.

ತುಂಗಾತೀರ:
ಕೇಳಿದೆ. ಫಾರ್ಮ್ಯಾಟೇ ಅಂತೆ. ಇವತ್ತು ರಾತ್ರಿ ನನ್ನ ಲ್ಯಾಪ್‌ಟಾಪಿನಲ್ಲಿ ನೋಡುತ್ತೇನೆ.

ಜವಾರಿಬೈಟ್:
ಪೋರ್ಟಬಲ್ ಜಿಪ್ ಇಳಿಸಿ, ಇನ್‌ಸ್ಟಾಲ್ ಬೇಡ. ಹೊಸ ಫೋಲ್ಡರಿನಲ್ಲಿ ಬಿಚ್ಚಿ ಫೈಲಿನ ಕಾಪಿಯನ್ನು ತೆರೆಯಿರಿ. ಅಪ್ಪನ 2.34 ಅದರ ಪಾಡಿಗೆ ಅಲ್ಲೇ ಇರಲಿ.

ತುಂಗಾತೀರ:
ತೆರೆಯಲಿಲ್ಲ. ಪಾಸ್‌ವರ್ಡ್ ತಪ್ಪು ಅನ್ನುತ್ತಿದೆ. ಅಪ್ಪನ ಕಂಪ್ಯೂಟರಿನಲ್ಲಿ ಅದೇ ಪಾಸ್‌ವರ್ಡ್ ಸರಿ ಇದೆ. ಕೈ ನಡುಗ್ತಿದೆ.

ಹಳೆಬೀಗ:
ನಾನು ಹೇಳಿದ್ದೆ.

ಮಧ್ಯರಾತ್ರಿಕಾಫಿ:
ಗಾಬರಿ ಬೇಡ. ಇನ್ನೂ ಏನೂ ಅಳಿಸಿಲ್ಲವಲ್ಲ. ಅಪ್ಪನ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಕೇಳೋ ಕಿಟಕಿಯಲ್ಲಿ ಪಾಸ್‌ವರ್ಡಿನ ಕೆಳಗಿನ ಎರಡು ಸಾಲು ನೋಡಿ. ಕೀ ಫೈಲ್ ಅಥವಾ ಯೂಸರ್ ಅಕೌಂಟ್‌ಗೆ ಟಿಕ್ ಇದೆಯಾ?

ತುಂಗಾತೀರ:
ಕೀ ಫೈಲ್‌ಗೆ ಇದೆ. ಯಾವುದು ಅಂತ ಹೇಳಿದರೆ ನಗ್ತೀರಿ. ನಮ್ಮ ಗೃಹಪ್ರವೇಶದ ಫೋಟೊ! ಯಾವ ಫೈಲನ್ನು ಬೇಕಾದರೂ ಕೀಲಿಯಾಗಿ ಇಡಬಹುದು ಅಂತ ಯಾರೋ ಹೇಳಿದ್ದರಂತೆ. ಕೀಪಾಸ್ ಅದರ ಜಾಗ ನೆನಪಿಟ್ಟುಕೊಂಡಿದೆ. ಅಪ್ಪ ಬರೀ ಪಾಸ್‌ವರ್ಡ್ ಹೊಡೆಯುತ್ತಾ ಬಂದಿದ್ದಾರೆ, ಫೋಟೊ ವಿಷಯ ಪೂರ್ತಿ ಮರೆತಿದ್ದಾರೆ. ಫಾರ್ಮ್ಯಾಟ್ ಆಗಿದ್ದರೆ ಕಥೆ ಮುಗೀತಿತ್ತು.

ಆದರೆ ಆ ಫೋಟೊ ನನ್ನ ಮೊಬೈಲಿನಲ್ಲೂ ಇದೆ, ಮನೆ ಗ್ರೂಪಿನಲ್ಲಿ ಅಪ್ಪನೇ ಕಳಿಸಿದ್ದು. ಅದನ್ನು ಕೊಟ್ಟರೂ ತೆರೆಯುತ್ತಿಲ್ಲ.

ಕರಾವಳಿಕಾಗೆ:
ತೆರೆಯಲ್ಲ. ಮೆಸೇಜಿನಲ್ಲಿ ಫೋಟೊ ಕಳಿಸಿದರೆ ಅದು ಕುಗ್ಗುತ್ತದೆ. ಕಣ್ಣಿಗೆ ಅದೇ ಚಿತ್ರ, ಫೈಲ್ ಬೇರೆ. ಒಂದು ಬೈಟ್ ಆಚೀಚೆ ಆದರೂ ಕೀಲಿ ಕೂರಲ್ಲ. ಪೆನ್‌ಡ್ರೈವ್‌ನಲ್ಲಿ ಮೂಲ ಫೈಲನ್ನೇ ತನ್ನಿ. ಸುಮ್ನೆ ತಿರುಗಿಸಿ ಸೇವ್ ಕೂಡ ಮಾಡಬೇಡಿ.

ತುಂಗಾತೀರ:
ತೆರೆಯಿತು!! ಎಲ್ಲಾ ಇದೆ. ಹಳೆಬೀಗ ಸರ್, ಅಪ್‌ಡೇಟ್ ಮಾಡದೆ ಫಾರ್ಮ್ಯಾಟ್‌ಗೆ ಕೊಟ್ಟಿದ್ದರೂ ಇದೇ ಗತಿ ಆಗ್ತಿತ್ತು ಅಲ್ವಾ?

ಹಳೆಬೀಗ:
ಅದು ಸರಿ. ಆದರೆ ಮುಳುಗಿಸೋದು ಫಾರ್ಮ್ಯಾಟು, ಹಳೇ ಆವೃತ್ತಿ ಅಲ್ಲ. ಅಷ್ಟು ಮಾತ್ರ ಬರೆದುಕೊಳ್ಳಿ.

ಜವಾರಿಬೈಟ್:
ಈಗ ಫೋಟೊ ಕೀಲಿ ಬಿಟ್ಟು ಹೊಸ ಮಾಸ್ಟರ್ ಕೀ ಮಾಡಿ. ಉದ್ದನೆಯ ಪಾಸ್‌ವರ್ಡ್ ಸಾಕು. ಒಂದು ಚೀಟಿಯಲ್ಲಿ ಬರೆದು ಬೀರುವಿನಲ್ಲಿ, ಮನೆ ಪತ್ರದ ಜೊತೆ ಇಡಿ. ಆಮೇಲೆ ಡೇಟಾಬೇಸ್ ಸೆಟ್ಟಿಂಗ್ಸ್, ಸೆಕ್ಯುರಿಟಿಗೆ ಹೋಗಿ ಆರ್ಗಾನ್2 ಆರಿಸಿ. ಪಾಸ್‌ವರ್ಡ್ ಊಹಿಸುವ ಯಂತ್ರಗಳನ್ನು ನಿಧಾನ ಮಾಡಲೆಂದೇ ಇರುವುದು ಅದು. 2.34ಗೆ ಅದು ಗೊತ್ತಿಲ್ಲ, 2017ರ 2.35ರಿಂದ ಬಂತು.

ಹಳೆಬೀಗ:
ಆಗ ಫೈಲ್ ಕೆಡಿಬಿಎಕ್ಸ್ 4 ಅನ್ನೋ ಹೊಸ ನಮೂನೆಗೆ ಬದಲಾಗುತ್ತದೆ, ಹಳೇ ಆವೃತ್ತಿಯಲ್ಲಿ ಮತ್ತೆ ತೆರೆಯಲ್ಲ. ಅದನ್ನೂ ಹೇಳಿ.

ಜವಾರಿಬೈಟ್:
ಹೌದು, ಹೇಳಬೇಕಿತ್ತು. ಹೊಸ ಕೀಪಾಸ್‌ನಲ್ಲಿ ತೆರೆದ ಮಾತ್ರಕ್ಕೆ ಫೈಲ್ ಬದಲಾಗಲ್ಲ, ಆರ್ಗಾನ್2 ಆರಿಸಿ ಸೇವ್ ಮಾಡಿದರೆ ಬದಲಾಗುತ್ತದೆ. ಅದಕ್ಕೇ ಹಳೇ ಕೆಡಿಬಿಎಕ್ಸ್ ಮತ್ತು ಆ ಫೋಟೊ ಒಂದು ತಿಂಗಳು ಪೆನ್‌ಡ್ರೈವ್‌ನಲ್ಲಿ ಜೊತೆಗೇ ಇರಲಿ.

ತುಂಗಾತೀರ:
ಆರ್ಗಾನ್2 ಆಯಿತು, ಚೀಟಿ ಬೀರು ಸೇರಿತು. ಫೋಟೊ ಕೀಲಿ ತೆಗೆಯಲು ಮಾತ್ರ ಅಪ್ಪ ಒಪ್ಪುತ್ತಿಲ್ಲ. "ಆ ಫೋಟೊದಲ್ಲಿ ನಿಮ್ಮಜ್ಜಿ ಇದ್ದಾರೆ, ಇರಲಿ ಬಿಡು" ಅಂತಾರೆ. ಮೂರು ಪೆನ್‌ಡ್ರೈವ್‌ಗೆ ಹಾಕಿದ್ದೇನೆ.

ನಂಜನಗೂಡುರಸಬಾಳೆ:
ಮೂರರಲ್ಲೂ ತೆರೆದು ನೋಡಿದಿರಾ?

ತುಂಗಾತೀರ:
ಎರಡರಲ್ಲಿ. ಮೂರನೆಯದು ಹುಡುಕುತ್ತಿದ್ದೇನೆ.