ಹೆಚ್ಚು ಕೊಂದಿದ್ದು ನನ್ನ ರಾಕ್ಷಸರು, ಗೆದ್ದಿದ್ದು ಅವನ ಹುಳಗಳು. ಯಾಕೆ?

ಕಾಳಿತೀರದವ, ಕಾರವಾರ

ವಾರ್‌ಹ್ಯಾಮರ್ 40,000 (ಟೇಬಲ್ ಮೇಲೆ ಸಣ್ಣ ಗೊಂಬೆಗಳ ಸೈನ್ಯ ಇಟ್ಟು, ದಾಳ ಹಾಕಿ ಆಡುವ ಯುದ್ಧದ ಆಟ) ಆಡುವವರು ಇಲ್ಲಿ ಯಾರಾದರೂ ಇದ್ದೀರಾ? ನನ್ನದು ಕೇಯಾಸ್ ಡೀಮನ್ಸ್, ಅಂದರೆ ರಾಕ್ಷಸರು, ಗೆಳೆಯನದು ಟಿರಾನಿಡ್ಸ್, ಹುಳಗಳಂಥ ಅನ್ಯಗ್ರಹದ ಜೀವಿಗಳು. ಇಬ್ಬರದೂ 1000 ಪಾಯಿಂಟ್ ಸೈನ್ಯ (ಒಂದೊಂದು ಗುಂಪಿಗೂ ಇಷ್ಟು ಪಾಯಿಂಟ್ ಬೆಲೆ ಅಂತ ಇರುತ್ತದೆ), ಹತ್ತನೇ ಆವೃತ್ತಿಯ ನಿಯಮ. ಪಂದ್ಯ ಗಿಂದ್ಯ ಅಲ್ಲ, ಮಳೆಗಾಲದಲ್ಲಿ ಭಾನುವಾರ ಮನೆಯಲ್ಲಿ ಚಾ ಕುಡಿಯುತ್ತ ಆಡುವ ಆಟ.

ನನ್ನ ಸೈನ್ಯ ಪೂರ್ತಿ ಕೆಂಪು, ರಕ್ತದ ದೇವರು ಖೋರ್ನ್‌ನ ಕಡೆಯವರೇ. ಬ್ಲಡ್‌ಲೆಟರ್‌ಗಳು, ಫ್ಲೆಶ್ ಹೌಂಡ್‌ಗಳು, ಮೇಲೊಂದು ದೊಡ್ಡ ಬ್ಲಡ್‌ತರ್ಸ್ಟರ್. ಹೋಗುವುದು, ಹೊಡೆಯುವುದು, ಅಷ್ಟೇ ಕೆಲಸ. ಮೊನ್ನೆ ಐದನೇ ಸುತ್ತು ಮುಗಿದಾಗ ಅವನ ಅರ್ಧಕ್ಕಿಂತ ಜಾಸ್ತಿ ಹುಳಗಳು ಡಬ್ಬಿ ಸೇರಿದ್ದವು, ನನ್ನ ರಕ್ಕಸ ಟೇಬಲ್ ನಡುವೆ ರೆಕ್ಕೆ ಬಿಚ್ಚಿಕೊಂಡು ನಿಂತಿದ್ದ. ಅಂಕ ಕೂಡಿಸಿದರೆ ಅವನೇ ಮುಂದೆ, ಅದೂ ದೊಡ್ಡ ಅಂತರದಲ್ಲಿ. ಮುಂದಿನ ಸಲ ನೂರು ಪಾಯಿಂಟ್ ಜಾಸ್ತಿ ತಗೋ ಮಾರಾಯ ಅಂತಾನೆ. ನನಗೆ ಅದು ಬೇಡ. ಸೈನ್ಯ ಬದಲಿಸಬೇಕಾ, ಆಡುವ ರೀತಿ ಬದಲಿಸಬೇಕಾ?

ಹಾಳೆಟೋಪಿ, ಶಿರಸಿ

ಮಾರಾಯ್ರೇ, ಹೆಣ ಎಣಿಸಿದರೆ ಅಂಕ ಬರುವುದಿಲ್ಲ. ಹೆಚ್ಚಿನ ಮಿಷನ್‌ಗಳಲ್ಲಿ ಎರಡನೇ ಸುತ್ತಿನಿಂದ ನಿಮ್ಮ ಕಮಾಂಡ್ ಹಂತ (ನಿಮ್ಮ ಸರದಿಯ ಮೊದಲ ಹಂತ) ಮುಗಿಯುವಾಗ ಯಾವ ಆಬ್ಜೆಕ್ಟಿವ್ (ಹಿಡಿಯಬೇಕಾದ ಗುರುತಿನ ಜಾಗ) ಯಾರ ಕೈಯಲ್ಲಿದೆ ಅಂತ ನೋಡುತ್ತಾರೆ. ಅದು ಯಾರದ್ದು ಅಂತ ತೀರ್ಮಾನ ಮಾಡುವುದು ಅಲ್ಲಿ ನಿಂತ ಗೊಂಬೆಗಳ ಕಂಟ್ರೋಲ್ ಸಂಖ್ಯೆ ಕೂಡಿಸಿ. ನಿಮ್ಮ ಬ್ಲಡ್‌ತರ್ಸ್ಟರ್ ಎಷ್ಟೇ ಭಯಂಕರ ಆಗಿರಲಿ, ನಿಮ್ಮ ಗೆಳೆಯನ ಸಣ್ಣ ಹುಳಗಳು, ಇಪ್ಪತ್ತು ಟರ್ಮಗಾಂಟ್, ಗುಂಪಾಗಿ ಬಂದು ಕೂತರೆ ಲೆಕ್ಕದಲ್ಲಿ ಅವೇ ಮುಂದೆ.

ಇನ್ನೊಂದು, ನೀವು ಶ್ಯಾಡೋ ಆಫ್ ಕೇಯಾಸ್ (ಡೀಮನ್ಸ್ ಸೈನ್ಯದ ನೆರಳಿನ ನಿಯಮ) ಬಳಸುತ್ತಿದ್ದೀರಾ? ನಿಮ್ಮ ಪೋಸ್ಟಿನಲ್ಲಿ ಅದರ ಹೆಸರೇ ಇಲ್ಲ. ಮೊದಲು ಸೈನ್ಯ ಹೂಡುವ ನಿಮ್ಮ ಕಡೆಯ ಜಾಗ ಯಾವಾಗಲೂ ಆ ನೆರಳಿನಲ್ಲೇ ಇರುತ್ತದೆ. ನಡುಜಾಗದ ಆಬ್ಜೆಕ್ಟಿವ್‌ಗಳಲ್ಲಿ ಅರ್ಧವಾದರೂ ನಿಮ್ಮದಾದರೆ ನಡುಜಾಗವೂ ನೆರಳಿಗೆ ಬರುತ್ತದೆ. ಆಗ ನೋಡಿ ಮಜಾ. ಸಾಮಾನ್ಯವಾಗಿ ಡೀಪ್ ಸ್ಟ್ರೈಕ್‌ನಲ್ಲಿ (ಟೇಬಲ್ ಹೊರಗೆ ಕಾದಿದ್ದು ನಡುವೆ) ಇಳಿಯುವವರು ಶತ್ರುವಿನಿಂದ 9 ಇಂಚಿಗಿಂತ ದೂರ ಇರಬೇಕು, ಡೀಮಾನಿಕ್ ಇನ್‌ಕರ್ಶನ್ ಡಿಟ್ಯಾಚ್‌ಮೆಂಟ್ (ಸೈನ್ಯಕ್ಕೆ ಆರಿಸುವ ನಿಯಮಗಳ ಗುಚ್ಛ) ತಗೊಂಡರೆ ನೆರಳಿನೊಳಗೆ ಡೀಮನ್‌ಗಳಿಗೆ 6 ಇಂಚಿಗಿಂತ ದೂರ ಇದ್ದರೆ ಸಾಕು. ಇಳಿದ ಮೇಲೆ ಚಾರ್ಜ್, ಅಂದರೆ ಶತ್ರುವಿನ ಮೇಲೆ ನುಗ್ಗುವ ದೂರ, ಎರಡು ದಾಳದ ಮೊತ್ತ. ಎರಡು ದಾಳದಲ್ಲಿ 9 ಅಥವಾ ಮೇಲೆ ಬೀಳುವುದು 36ರಲ್ಲಿ 10 ಸಲ. 6 ಅಥವಾ ಮೇಲೆ ಬೀಳುವುದು 26 ಸಲ. ಚಾರ್ಜ್ ಶೇ 28ರಿಂದ 72ಕ್ಕೆ ಏರಿತು, ನೂರು ಪಾಯಿಂಟ್ ದಾನ ಯಾರಿಗೆ ಬೇಕು? ಅರ್ಧ ಸೈನ್ಯ ಹೊರಗಿಟ್ಟು ಎರಡನೇ ಸುತ್ತಿನಲ್ಲಿ ಒಟ್ಟಿಗೆ ಇಳಿಸಿ.

ಗಜನಿ_ಬದು, ಕುಮಟಾ

ಶಿರಸಿಯವರ ಲೆಕ್ಕ ಸರಿ, ಕೊನೆಯ ಸಾಲು ಒಪ್ಪುವುದಿಲ್ಲ. ಅರ್ಧ ಸೈನ್ಯ ಹೊರಗಿದ್ದರೆ ಮೊದಲ ಸುತ್ತಿನಲ್ಲೇ ಹುಳಗಳು ನಡುಜಾಗ ಪೂರ್ತಿ ತುಂಬಿಕೊಳ್ಳುತ್ತವೆ. ಅಲ್ಲಿ ನಿಮ್ಮವರು ಇಲ್ಲ ಅಂದಮೇಲೆ ನೆರಳು ಎಲ್ಲಿಂದ ಬರಬೇಕು? ನೆರಳಿಲ್ಲದಿದ್ದರೆ ಮತ್ತೆ ಅದೇ 9 ಇಂಚು. ಅದರ ಮೇಲೆ ಆ ಟರ್ಮಗಾಂಟ್‌ಗಳನ್ನು ಅವನು ಉದ್ದಕ್ಕೆ ಹರಡಿ ನಿಲ್ಲಿಸಿದರೆ ನಿಮಗೆ ಇಳಿಯಲು ಜಾಗವೇ ಇರುವುದಿಲ್ಲ.

ಮೊದಲು ಯಾರೋ ನೆಲದ ಮೇಲೆ ನಡೆದು ಹೋಗಿ ಏಟು ತಿಂದುಕೊಂಡು ನಿಲ್ಲಬೇಕು, ಆ ಕೆಲಸ ಬ್ಲಡ್‌ಲೆಟರ್‌ಗಳದ್ದಲ್ಲ. ರೋಗದ ದೇವರು ನರ್ಗಲ್ ಕಡೆಯ ಪ್ಲೇಗ್‌ಬೇರರ್ ಒಂದು ಗುಂಪು ಸೇರಿಸಿ. ಪೂರ್ತಿ ಕೆಂಪು ಸೈನ್ಯ ನೋಡಲು ಚೆಂದ, ಆದರೆ ನಾಲ್ಕೂ ದೇವರ ರಾಕ್ಷಸರನ್ನು ಒಂದೇ ಸೈನ್ಯದಲ್ಲಿ ಬೆರೆಸಬಹುದು, ಬೆರೆಸಿ. ಹೌಂಡ್‌ಗಳು ಓಡಿ ಪಕ್ಕದ ಆಬ್ಜೆಕ್ಟಿವ್ ಹಿಡಿಯಲಿ. ಎರಡು ಆಬ್ಜೆಕ್ಟಿವ್ ಕೈಗೆ ಬಂದ ಮೇಲೆ ಆಕಾಶದಿಂದ ಬ್ಲಡ್‌ಲೆಟರ್ ಇಳಿಸಿ. ಮೂರನೇ ಸುತ್ತಿನ ತನಕ ಕಾಯಬಹುದು, ಅದು ದಾಟಿದರೆ ಹೊರಗಿದ್ದವರು ಸತ್ತ ಲೆಕ್ಕ, ಮರೆಯಬೇಡಿ.

ಕಾಳಿತೀರದವ, ಕಾರವಾರ

ನೆರಳಿನ ನಿಯಮ ಓದಿದ್ದೆ, 6 ಇಂಚು ಆಗುತ್ತದೆ ಅನ್ನುವುದು ತಲೆಗೆ ಹೋಗಿರಲಿಲ್ಲ. ಇನ್ನೊಂದು ಕಾಟ ಹೇಳುತ್ತೇನೆ. ಅವನು ಆಟಕ್ಕೆ ಒಂದು ಸಲ ಶ್ಯಾಡೋ ಇನ್ ದಿ ವಾರ್ಪ್ ಅಂತ ಕೂಗುತ್ತಾನೆ, ನನ್ನ ಎಲ್ಲ ಯೂನಿಟ್ ಬ್ಯಾಟಲ್‌ಶಾಕ್ ಟೆಸ್ಟ್ (ದಾಳ ಹಾಕಿ ಧೈರ್ಯದ ಪರೀಕ್ಷೆ) ಮಾಡಬೇಕು, ಫೇಲ್ ಆದವರ ಕಂಟ್ರೋಲ್ ಸೊನ್ನೆ. ಸರಿಯಾಗಿ ನಾನು ಅಂಕ ತಗೊಳ್ಳುವ ಹೊತ್ತಿಗೇ ಕೂಗುತ್ತಾನೆ ಕಳ್ಳ.

ಬಾಲವಿಲ್ಲದ_ಹುಳ, ಹೊನ್ನಾವರ

ನಾನೂ ಟಿರಾನಿಡ್ಸ್ ಆಡುವವನು, ಶತ್ರುಪಕ್ಷದ ಗುಟ್ಟು ಹೇಳುತ್ತಿದ್ದೇನೆ, ನಿಮ್ಮ ಗೆಳೆಯನಿಗೆ ತೋರಿಸಬೇಡಿ.

ಆ ಕೂಗು ಟೇಬಲ್ ಮೇಲೆ ಇದ್ದವರಿಗೆ ಮಾತ್ರ. ಹೊರಗೆ ಕಾಯುತ್ತಿರುವವರಿಗೆ ತಾಗುವುದಿಲ್ಲ. ನಿಮ್ಮ ನೆರಳಿನೊಳಗೆ ನಿಂತ ಡೀಮನ್‌ಗಳಿಗಂತೂ ಟೆಸ್ಟ್‌ಗೆ ಒಂದು ಕೂಡುತ್ತದೆ. ಪಾಸಾದರೆ ಗಾಯ ವಾಸಿ, ಬ್ಯಾಟಲ್‌ಲೈನ್ (ಬ್ಲಡ್‌ಲೆಟರ್‌ನಂಥ ಸಾಮಾನ್ಯ ಸೈನಿಕರ) ಗುಂಪಾದರೆ ಸತ್ತವರೇ ಒಬ್ಬರಿಂದ ಮೂವರ ತನಕ ಎದ್ದು ಬರುತ್ತಾರೆ. ನೀವು ನಡುಜಾಗ ಹಿಡಿದಿದ್ದರೆ ಕೂಗಲು ನನಗೇ ಕೈ ನಡುಗುತ್ತದೆ, ಸುಮ್ನೆ ನಿಮ್ಮವರನ್ನು ನಾನೇ ಎಬ್ಬಿಸಿದ ಹಾಗೆ ಆಗುತ್ತದೆ ಅಲ್ವಾ!

ನನಗೆ ನಿಜಕ್ಕೂ ಹೆದರಿಕೆ ಯಾವುದು ಅಂದರೆ ಸಿನಾಪ್ಸ್ (ದೊಡ್ಡ ಹುಳ ಸಣ್ಣವನ್ನು ಮನಸ್ಸಿನಿಂದ ಹಿಡಿದಿಡುವ ಶಕ್ತಿ) ಹೋಗುವುದು. ಹೈವ್ ಟೈರಂಟ್‌ನಂಥ ಸಿನಾಪ್ಸ್ ಹುಳದ 6 ಇಂಚಿನೊಳಗೆ ಸಣ್ಣವು ಬ್ಯಾಟಲ್‌ಶಾಕ್‌ಗೆ ಎರಡರ ಬದಲು ಮೂರು ದಾಳ ಹಾಕುತ್ತವೆ, ಬೀಳುವುದೇ ಇಲ್ಲ ಅನ್ನಬಹುದು. ಅದು ಸತ್ತರೆ ಎರಡೇ ದಾಳ. ನಿಮ್ಮ ನೆರಳಿನಲ್ಲಿ ಅದರಿಂದ ಒಂದು ಕಳೆಯಬೇಕು, ಫೇಲಾದರೆ ಪೆಟ್ಟು ಬೇರೆ. ಬ್ಲಡ್‌ತರ್ಸ್ಟರ್ ಇರುವುದು ಆ ಕೆಲಸಕ್ಕೆ, ಟರ್ಮಗಾಂಟ್ ಜಜ್ಜುವುದಕ್ಕಲ್ಲ. ನಿಮ್ಮ ಗೆಳೆಯ ಬೇಕಂತಲೇ ಸಣ್ಣವನ್ನು ಮುಂದೆ ಬಿಟ್ಟು ನಿಮ್ಮ ದೊಡ್ಡವನನ್ನು ಅಲ್ಲೇ ಸಿಕ್ಕಿಸುತ್ತಿದ್ದಾನೆ ಅಂತ ನನ್ನ ಅನುಮಾನ. ನಾನು ಹಾಗೇ ಮಾಡುತ್ತೇನೆ.

ಹಾಳೆಟೋಪಿ, ಶಿರಸಿ

ಕುಮಟಾದವರು ಹೇಳಿದ್ದು ನ್ಯಾಯ, ಮೊದಲು ನೆಲ, ಆಮೇಲೆ ಆಕಾಶ. ಟೇಬಲ್ ಮೇಲೆ ಮರೆ ಎಷ್ಟಿದೆ? 44 ಇಂಚು 60 ಇಂಚಿನ ಜಾಗದಲ್ಲಿ ಬೋಳು ಪ್ಲೈವುಡ್ ಬಿಟ್ಟರೆ ನಿಮ್ಮ ರಾಕ್ಷಸರು ನಡೆದು ಬರುವಾಗಲೇ ಗುಂಡು ತಿನ್ನುತ್ತಾರೆ. ನಾವು ಥರ್ಮೋಕೋಲ್ ಗೋಡೆಗೆ ಅಡಿಕೆ ಹಾಳೆ ಅಂಟಿಸಿ ಪಾಳು ಕಟ್ಟಡ ಮಾಡಿದ್ದೇವೆ, ಮೇಲೆ ಚಿರೇಕಲ್ಲಿನ ಪುಡಿ. ಖರ್ಚಿಲ್ಲ, ನೋಡಲು ಬೇರೆ ಗ್ರಹದ ಹಾಗೇ ಇದೆ.

ಕಾಳಿತೀರದವ, ಕಾರವಾರ

ಮರೆ ಕಡಿಮೆಯೇ ಇದೆ, ಎರಡು ಬಿಸ್ಕತ್ ಡಬ್ಬಿ ಇಟ್ಟು ಆಡುತ್ತಿದ್ದೇವೆ. ಪ್ಲೇಗ್‌ಬೇರರ್ ತರಿಸುತ್ತೇನೆ. ಈ ಮಳೆಯಲ್ಲಿ ಗೊಂಬೆಗೆ ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ಕೋಟ್) ಸ್ಪ್ರೇ ಮಾಡಬಹುದಾ? ಸಮುದ್ರದ ಪಸೆಗೆ ಇಲ್ಲಿ ಬಟ್ಟೆಯೇ ಒಣಗುವುದಿಲ್ಲ.

ಗಜನಿ_ಬದು, ಕುಮಟಾ

ಸ್ಪ್ರೇ ಬೇಡವೇ ಬೇಡ. ಪಸೆ ಜಾಸ್ತಿ ಇದ್ದರೆ ಬಣ್ಣ ಪುಡಿಪುಡಿಯಾಗಿ ಕೂರುತ್ತದೆ, ಗೊಂಬೆಯ ಮುಖ, ಹಲ್ಲು ಎಲ್ಲ ಮುಚ್ಚಿಹೋಗುತ್ತದೆ. ಬ್ರಷ್‌ನಲ್ಲಿ ಹಚ್ಚುವ ಪ್ರೈಮರ್ ತಗೊಳ್ಳಿ, ತೆಳುವಾಗಿ ಎರಡು ಕೋಟ್. ಸೂಪರ್ ಗ್ಲೂ ಕೂಡ ಹನಿ ಮಾತ್ರ, ಜಾಸ್ತಿ ಹಾಕಿದರೆ ಸುತ್ತ ಬಿಳಿ ಬೂದಿ ಕಟ್ಟುತ್ತದೆ. ದೊಡ್ಡ ರಕ್ಕಸನ ಮುಖಕ್ಕೆ ಯಕ್ಷಗಾನದ ಬಣ್ಣದ ವೇಷ ನೋಡಿಕೊಂಡು ಕೆಂಪು, ಕಪ್ಪು, ಬಿಳಿ ಚುಕ್ಕಿ ಸಾಲು ಇಟ್ಟು ನೋಡಿ. ಫೋಟೊ ಹಾಕಿ ಮತ್ತೆ.

ಬಾಲವಿಲ್ಲದ_ಹುಳ, ಹೊನ್ನಾವರ

ಅಂಕದ ಚೀಟಿಯ ಫೋಟೊನೂ ಹಾಕಿ. ನಾನು ಹುಳಗಳ ಕಡೆ.