ಕುರ್ಸುರಾ ಮಾಡೆಲ್ ಸಬ್‌ಮರೀನ್, 1:72 – 75 ಮಿ.ಮೀ. ಕೊಳವೆಯಲ್ಲಿ ಬ್ಯಾಟರಿ, ರಿಸೀವರ್ ಹೇಗೆ ಕೂರಿಸಲಿ?

ಪೆರಿಸ್ಕೋಪ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ವಿಶಾಖಪಟ್ಟಣದ ಬೀಚಿನಲ್ಲಿ ಮ್ಯೂಸಿಯಂ ಆಗಿ ನಿಂತಿರುವ ಐಎನ್‌ಎಸ್ ಕುರ್ಸುರಾ ಇದೆಯಲ್ಲ, ಅದರ ರಿಮೋಟ್ ಮಾಡೆಲ್ ಕಟ್ಟುತ್ತಿದ್ದೇನೆ. ಅಸಲಿ ಹಡಗು 91.3 ಮೀಟರ್ ಉದ್ದ, 7.5 ಮೀಟರ್ ಅಗಲ. 1:72ಕ್ಕೆ ಇಳಿಸಿದರೆ ಸುಮಾರು 127 ಸೆಂ.ಮೀ. ಉದ್ದ, 10.4 ಸೆಂ.ಮೀ. ಅಗಲ. ಫೈಬರ್ ಗ್ಲಾಸ್ ಹೊರಮೈ ಮುಗಿದಿದೆ. ಅದರೊಳಗೆ ನೀರು ತುಂಬಲಿ ಅಂತಲೇ ತೂತು ಬಿಟ್ಟಿದ್ದೇನೆ. ಒಣಗಿರಬೇಕಾದದ್ದೆಲ್ಲ ನಡುವಿನ ಅಕ್ರಿಲಿಕ್ ಕೊಳವೆಯಲ್ಲಿ. ಕೊಳವೆಯ ಹೊರ ವ್ಯಾಸ 75 ಮಿ.ಮೀ., ಒಳಗೆ 69, ಉದ್ದ 50 ಸೆಂ.ಮೀ. ಎರಡೂ ತುದಿಗೆ ಓ-ರಿಂಗ್ (ನೀರು ತಡೆಯುವ ರಬ್ಬರ್ ಬಳೆ) ಇರುವ ಮುಚ್ಚಳ.

ನಡುವೆ ಪಿಸ್ಟನ್ ಬ್ಯಾಲಾಸ್ಟ್ ಟ್ಯಾಂಕ್ (ಮುಳುಗಲು ನೀರು ಎಳೆದುಕೊಂಡು, ಮೇಲೇಳಲು ಹೊರಗೆ ತಳ್ಳುವ ತೊಟ್ಟಿ), 200 ಮಿ.ಲೀ. ಹಿಂದೆ ಒಂದು ಬ್ರಷ್ಡ್ ಮೋಟರ್. ಗೇರ್ ಮೂಲಕ ಮೂರೂ ಪ್ರೊಪೆಲರ್ ತಿರುಗುತ್ತವೆ (ಕುರ್ಸುರಾಗೆ ಮೂರಿವೆ, ಅದನ್ನು ಬಿಡಲು ಮನಸ್ಸಿಲ್ಲ). ಉಳಿದ ಜಾಗದಲ್ಲಿ ಬ್ಯಾಟರಿ, ಇಎಸ್‌ಸಿ (ಮೋಟರಿನ ವೇಗ ನಿಯಂತ್ರಕ), ರಿಸೀವರ್, ಎರಡು ಸರ್ವೊ (ಸ್ಟಿಕ್ ಹೇಳಿದಂತೆ ತಿರುಗುವ ಪುಟ್ಟ ಮೋಟರ್) ಕೂರಬೇಕು. ನನ್ನ ಹತ್ತಿರ 6 ವೋಲ್ಟ್ 4.5 ಎಎಚ್‌ನ ಸೀಲ್ಡ್ ಲೆಡ್ ಆಸಿಡ್ ಬ್ಯಾಟರಿ ಮತ್ತು ವಿಮಾನಕ್ಕೆ ಬಳಸುವ 2.4 ಗಿಗಾಹರ್ಟ್ಜ್ ಸೆಟ್ ಇದೆ. ಇವೇ ಸಾಕಾ? ಗಾಳಿಯಾಡದ ಕೊಳವೆಯಲ್ಲಿ ಇಎಸ್‌ಸಿ ಬಿಸಿಯಾದರೆ ಏನು ಮಾಡುವುದು? ಓಡಿಸುವುದು ಒಂದೂವರೆ ಮೀಟರ್ ಆಳದ ಈಜುಕೊಳದಲ್ಲಿ.

ತಂತಿಕೋಲು:

ಮೊದಲು ರೇಡಿಯೊ ವಿಷಯ ಮುಗಿಸೋಣ, ಯಾಕೆಂದರೆ ಇದು ಸರಿಯಾಗದೆ ಬೇರೇನು ಮಾಡಿದರೂ ವ್ಯರ್ಥ. 2.4 ಗಿಗಾಹರ್ಟ್ಜ್ ಬೇಡ. ನೀರು ಆ ಅಲೆಗಳನ್ನು ಕೆಲವೇ ಸೆಂಟಿಮೀಟರ್‌ನಲ್ಲಿ ಹೀರಿಬಿಡುತ್ತದೆ. ಆಂಟೆನಾ ಮುಳುಗಿದ ಕೂಡಲೇ ಸಂಪರ್ಕ ಹೋಗುತ್ತದೆ, ಆಮೇಲೆ ನೀವು ಸ್ಟಿಕ್ ಎಷ್ಟು ಎಳೆದರೂ ಸಬ್‌ಗೆ ಗೊತ್ತಾಗುವುದಿಲ್ಲ. ಕಂಪನಾಂಕ ಕಡಿಮೆಯಾದಷ್ಟೂ ಅಲೆ ಆಳಕ್ಕೆ ಇಳಿಯುತ್ತದೆ. ನಮ್ಮ ನೌಕಾಪಡೆ ಮುಳುಗಿರುವ ಸಬ್‌ಮರೀನ್‌ಗಳಿಗೆ ತಿರುನೆಲ್ವೇಲಿ ಹತ್ತಿರದ ಐಎನ್‌ಎಸ್ ಕಟ್ಟಬೊಮ್ಮನ್‌ನಿಂದ ತೀರಾ ಕೆಳಗಿನ ಕಂಪನಾಂಕದಲ್ಲಿ ಸಂದೇಶ ಕಳಿಸುವುದೂ ಇದೇ ಕಾರಣಕ್ಕೆ.

ನಮ್ಮ ಮಟ್ಟಕ್ಕೆ 27 ಅಥವಾ 40 ಮೆಗಾಹರ್ಟ್ಜ್ ಸೆಟ್ ಸಾಕು. ಭಾರತದಲ್ಲಿ 26.957ರಿಂದ 27.283 ಮೆಗಾಹರ್ಟ್ಜ್‌ವರೆಗೆ, 5 ವಾಟ್ ಒಳಗೆ, ಲೈಸೆನ್ಸ್ ಬೇಕಿಲ್ಲ. ಹಾಗಾಗಿ ಹಳೆಯ 27ರ ಸೆಟ್ ಯಾರ ಹತ್ತಿರವಾದರೂ ಇದೆಯಾ ವಿಚಾರಿಸಿ. ಸಿಹಿನೀರಿನಲ್ಲಿ ಒಂದೂವರೆ ಮೀಟರ್ ಆಳ ಅದಕ್ಕೆ ದೊಡ್ಡದಲ್ಲ. ನೀರಿನಲ್ಲಿ ಉಪ್ಪಿನಂಶ ಜಾಸ್ತಿ ಇದ್ದಷ್ಟೂ ದೂರ ಕಡಿಮೆಯಾಗುತ್ತದೆ. ಈಜುಕೊಳದಲ್ಲಿ ಕೆರೆಗಿಂತ ಕಡಿಮೆ ಸಿಗಬಹುದು, ಸಮುದ್ರದಲ್ಲಂತೂ 27 ಕೂಡ ಕೆಲಸಕ್ಕೆ ಬಾರದು.

ಆಂಟೆನಾ ತಂತಿಯನ್ನು ಕತ್ತರಿಸಬೇಡಿ. ಕೊಳವೆಯಿಂದ ಹೊರಗೆ ತಂದು ಡೆಕ್ ಕೆಳಗೆ ಉದ್ದಕ್ಕೆ ಎಳೆಯಿರಿ. ತುದಿಯ ತಾಮ್ರ ನೀರಿಗೆ ತಾಗದಂತೆ ಎಪಾಕ್ಸಿ ಹಚ್ಚಿ. ಇನ್ನೊಂದು ಮಾತು, ಇದನ್ನು ತುಂಬಾ ಜನ ಗಮನಿಸುವುದಿಲ್ಲ: ಎಳೆಎಳೆಯಾದ ತಂತಿಯನ್ನು ನೇರವಾಗಿ ಮುಚ್ಚಳದ ತೂತಿನಲ್ಲಿ ತೂರಿಸಿ ಅಂಟು ಹಾಕಿದರೆ ಹೊರಗಿನಿಂದ ನೋಡಲು ಭದ್ರವಾಗಿಯೇ ಇರುತ್ತದೆ, ಆದರೆ ಪ್ಲಾಸ್ಟಿಕ್ ಹೊದಿಕೆಯೊಳಗೆ ಎಳೆಗಳ ಸಂದಿನಲ್ಲೇ ನೀರು ಹೀರಿಕೊಂಡು ರಿಸೀವರ್‌ವರೆಗೆ ಬರುತ್ತದೆ. ಮುಚ್ಚಳದಲ್ಲಿ ಒಂದು ಹಿತ್ತಾಳೆ ಸ್ಕ್ರೂ ಕೂರಿಸಿ, ಒಳಗೊಂದು ಹೊರಗೊಂದು ತಂತಿ ಬೆಸೆಯಿರಿ. ನೀರಿನ ದಾರಿ ಅಲ್ಲಿಗೆ ಕಟ್.

ಸೀಸದಗುಂಡು:

ಲೆಡ್ ಆಸಿಡ್ ಬ್ಯಾಟರಿ ಆ ಕೊಳವೆಗೆ ಹೋಗುವುದೇ ಇಲ್ಲ. 6 ವೋಲ್ಟ್ 4.5 ಎಎಚ್ ಅಂದರೆ ಸಾಮಾನ್ಯವಾಗಿ 70 x 47 x 100 ಮಿ.ಮೀ. ಉದ್ದಕ್ಕೆ ಮಲಗಿಸಿದರೂ ಮೂಲೆಯಿಂದ ಮೂಲೆಗೆ 84 ಮಿ.ಮೀ., ನಿಮ್ಮ ಒಳ ವ್ಯಾಸ 69. ಹೋಗುವಂತಿದ್ದರೂ ನಾನು ಬೇಡ ಎನ್ನುತ್ತಿದ್ದೆ. ಆ ಬ್ಯಾಟರಿಯಿಂದ ಹೈಡ್ರೋಜನ್ ಬರಬಹುದು. ಮುಚ್ಚಿದ ಕೊಳವೆ, ಪಕ್ಕದಲ್ಲೇ ಕಿಡಿ ಹಾರಿಸುವ ಬ್ರಷ್ಡ್ ಮೋಟರ್, ಯಾಕೆ ಬೇಕು? ಅಸಲಿ ಡೀಸೆಲ್ ಸಬ್‌ಮರೀನ್‌ಗಳಲ್ಲೂ ಚಾರ್ಜ್ ಮಾಡುವಾಗ ಬ್ಯಾಟರಿ ಕೋಣೆಯ ಗಾಳಿ ಹೊರಹಾಕುವುದು ದೊಡ್ಡ ಕೆಲಸ.

ಎರಡು ಸೆಲ್‌ನ ಲಿಪೊ (ಲಿಥಿಯಂ ಪಾಲಿಮರ್ ಬ್ಯಾಟರಿ) ತೆಗೆದುಕೊಳ್ಳಿ, ಗಟ್ಟಿ ಕವಚದ್ದು, 5000 ಎಂಎಎಚ್. ಅಳತೆ ಸುಮಾರು 138 x 46 x 25. ಕೊಳವೆಯ ತಳದಲ್ಲಿ ಚಪ್ಪಟೆಯಾಗಿ ಮಲಗಿಸಿದರೆ ಪ್ಯಾಕಿನ ಮೇಲ್ಮೈ ಕೂಡ ಕೊಳವೆಯ ನಡುಗೆರೆಗಿಂತ ಕೂದಲೆಳೆ ಕೆಳಗೇ ಉಳಿಯುತ್ತದೆ. ಇದೇ ಬೇಕಾಗಿರುವುದು. ಮುಳುಗಿದ ಮೇಲೆ ಸಬ್ ಮಗುಚದೆ ನೆಟ್ಟಗೆ ನಿಲ್ಲುವುದು ಭಾರ ಕೆಳಗೆ, ತೇಲುವ ಶಕ್ತಿ ಮೇಲೆ ಇದ್ದರೆ ಮಾತ್ರ. ಅದಕ್ಕೇ ನಾನು ಯಾವಾಗಲೂ ಹೇಳುವುದು, ಮೊದಲು ಬ್ಯಾಟರಿಯ ಜಾಗ ಗೊತ್ತು ಮಾಡಿ, ಉಳಿದದ್ದನ್ನು ಅದರ ಸುತ್ತ ಜೋಡಿಸಿ. ರಿಸೀವರ್ ಗ್ರಾಂ ಲೆಕ್ಕದ ವಸ್ತು, ಎಲ್ಲಿ ಬೇಕಾದರೂ ಇರಬಹುದು. ಬ್ಯಾಟರಿಗೆ ಆ ಸ್ವಾತಂತ್ರ್ಯ ಇಲ್ಲ.

ತೂಕದ ಲೆಕ್ಕವನ್ನೂ ಈಗಲೇ ಮಾಡಿ. ನಿಮ್ಮ ಕೊಳವೆ ಪಕ್ಕಕ್ಕೆ ಸರಿಸುವ ನೀರು ಸುಮಾರು 2.2 ಕೆ.ಜಿ. ಒಳಗಿನ ಸಾಮಾನು ಸೇರಿ ಕೊಳವೆ ಅದಕ್ಕಿಂತ ಹಗುರ ಇದ್ದಷ್ಟನ್ನೂ ನೀರಿನಲ್ಲಿ ಹೊರಮೈಯ ಭಾರ ಮತ್ತು ನೀವು ಹಾಕುವ ಸೀಸ ಸರಿದೂಗಿಸಬೇಕು. ಸೀಸವನ್ನು ಕೊಳವೆಯೊಳಗೆ ತುರುಕಬೇಡಿ. ಹೊರಮೈಯ ಅಡಿಗೆ ಉದ್ದಕ್ಕೆ ಹಾಕಿ.

ಬ್ಯಾಟರಿ ಹಿಂದೆ ಮುಂದೆ ಜಾರುವಂತೆ ವೆಲ್ಕ್ರೊ ಪಟ್ಟಿ ಸಾಕು. ಮೂಗು ತಗ್ಗಿದರೆ ಒಂದೆರಡು ಸೆಂ.ಮೀ. ಹಿಂದೆ ಸರಿಸಿ. ಚಾರ್ಜ್ ಮಾಡುವುದು ಮಾತ್ರ ಯಾವಾಗಲೂ ಹೊರಗೆ ತೆಗೆದು. ಮುಚ್ಚಿದ ಕೊಳವೆಯಲ್ಲಿ ಲಿಪೊ ಉಬ್ಬಿದರೆ ಆ ಒತ್ತಡಕ್ಕೆ ಹೋಗಲು ಜಾಗವೇ ಇಲ್ಲ.

ಪೆರಿಸ್ಕೋಪ್:

ತುಂಬಾ ಉಪಕಾರ ಆಯ್ತು ಇಬ್ಬರಿಗೂ. 27ರ ಹಳೆ ಸೆಟ್ ಪರಿಚಯದವರ ಹತ್ತಿರ ಇದೆ, ಎಎಂ, ನಾಲ್ಕು ಚಾನೆಲ್. ಮೂರು ಸೆಲ್ ಲಿಪೊ ಹಾಕಿದರೆ ವೇಗ ಸಿಗುತ್ತದೆ ಅಲ್ವಾ? ರಿಸೀವರ್‌ಗೆ ಇಎಸ್‌ಸಿಯಲ್ಲೇ ಇರುವ 5 ವೋಲ್ಟ್ ಸಾಕಾ?

ಬೆಸುಗೆಮನೆ:

ಕುರ್ಸುರಾ ಮುಳುಗಿದಾಗ ನಿಧಾನಕ್ಕೆ ಹೋಗುತ್ತಿದ್ದ ಹಡಗು. ಮಾಡೆಲ್ ಜೋರಾಗಿ ಓಡಿದರೆ ಚೆನ್ನಾಗಿ ಕಾಣುವುದಿಲ್ಲ. ಎರಡು ಸೆಲ್ ಸಾಕು. ಸರಾಸರಿ 5 ಆಂಪಿಯರ್ ಎಳೆದರೂ 5000ದ ಪ್ಯಾಕ್ ಲೆಕ್ಕದಲ್ಲಿ ಒಂದು ಗಂಟೆ.

ನಿಮ್ಮ ಬಿಸಿಯ ಪ್ರಶ್ನೆಗೂ ಇದರಲ್ಲೇ ಉತ್ತರ ಇದೆ. ಇಎಸ್‌ಸಿಯ ಒಳಗಿನ 5 ವೋಲ್ಟ್ ಲೀನಿಯರ್ ಮಾದರಿಯದಾದರೆ ಜಾಸ್ತಿಯಾದ ವೋಲ್ಟೇಜನ್ನೆಲ್ಲ ಶಾಖ ಮಾಡಿ ಬಿಡುತ್ತದೆ. ಮೂರು ಸೆಲ್ ಪೂರ್ತಿ ಚಾರ್ಜ್ ಆದಾಗ 12.6 ವೋಲ್ಟ್. ಸರ್ವೊಗಳು 1 ಆಂಪಿಯರ್ ಎಳೆದರೆ 7.6 ವಾಟ್ ಶಾಖ. ಎರಡು ಸೆಲ್‌ಗೆ ಅದೇ 3.4 ವಾಟ್. ಈ 5 ವೋಲ್ಟ್ ಕೊಡುವ ಭಾಗ (ಬಿಇಸಿ) ಸ್ವಿಚಿಂಗ್ ಮಾದರಿಯದಾದರೆ ತಣ್ಣಗಿರುತ್ತದೆ, ನಿಜ, ಆದರೆ ಅದು ಎಬ್ಬಿಸುವ ರೇಡಿಯೊ ಗದ್ದಲ 27 ಮೆಗಾಹರ್ಟ್ಜ್ ರಿಸೀವರ್‌ಗೆ ತೊಂದರೆ ಕೊಡಬಹುದು, ಅದೂ ಎಎಂ ಸೆಟ್‌ಗೆ. ನನ್ನ ಸಲಹೆ, ರಿಸೀವರ್ ಮತ್ತು ಸರ್ವೊಗೆ ಬೇರೆಯೇ ನಾಲ್ಕು ಸೆಲ್‌ನ 4.8 ವೋಲ್ಟ್ ನಿಕಲ್ ಮೆಟಲ್ ಹೈಡ್ರೈಡ್ ಪ್ಯಾಕ್ ಹಾಕಿ. ಮುಖ್ಯ ಬ್ಯಾಟರಿ ಸತ್ತರೂ ರಿಸೀವರ್ ಎಚ್ಚರವಾಗಿರುತ್ತದೆ. ಇಎಸ್‌ಸಿಯಿಂದ ರಿಸೀವರ್‌ಗೆ ಬರುವ ಕೆಂಪು ತಂತಿಯನ್ನು ಮಾತ್ರ ಕಳಚಿಡಿ.

ಇಎಸ್‌ಸಿಯನ್ನು ಹಿಂದಿನ ಮುಚ್ಚಳಕ್ಕೆ ಅಂಟಿಸಿ, ಆ ಮುಚ್ಚಳ ಅಲ್ಯೂಮಿನಿಯಂ ಇರಲಿ. ಹೊರಗೆ ನೀರೇ ಇದೆಯಲ್ಲ, ಶಾಖ ಅದಕ್ಕೆ ಹೋಗುತ್ತದೆ. ಮೋಟರ್ ಕಿಡಿಯ ಗದ್ದಲ ತಗ್ಗಿಸಲು ಅದಕ್ಕೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಮೂರು: ಎರಡು ತುದಿಗಳ ನಡುವೆ ಒಂದು, ಪ್ರತಿ ತುದಿಯಿಂದ ಲೋಹದ ಮೈಗೆ ಒಂದೊಂದು. ರಿಸೀವರ್ ಮೋಟರ್‌ನಿಂದ ದೂರ, ಮುಂದಿನ ತುದಿಯಲ್ಲಿ.

ಎಎಂ ರಿಸೀವರ್‌ನಲ್ಲಿ ಫೇಲ್‌ಸೇಫ್ ಇರುವುದಿಲ್ಲ. ಸಿಗ್ನಲ್ ಹೋದರೆ ಸರ್ವೊ ಒದ್ದಾಡುತ್ತದೆ, ಅಷ್ಟೆ. ಆದ್ದರಿಂದ ಬ್ಯಾಲಾಸ್ಟ್ ಚಾನೆಲ್‌ಗೆ ಬೇರೆ ಫೇಲ್‌ಸೇಫ್ ಬೋರ್ಡ್ ಹಾಕಲೇಬೇಕು, ಸಿಗ್ನಲ್ ಕಾಣದಿದ್ದರೆ ಟ್ಯಾಂಕ್ ತಾನಾಗಿಯೇ ಖಾಲಿಯಾಗುವಂತೆ. ಬ್ಯಾಟರಿ ಇಳಿದಾಗಲೂ ಹಾಗೇ ಆಗಲಿ. ಇದರ ಮಿತಿಯನ್ನು ಸೆಲ್‌ಗೆ 3.3 ವೋಲ್ಟ್‌ಗಿಂತ ಸ್ವಲ್ಪ ಮೇಲೇ ಇಡಿ. ಮೋಟರ್ ನಿಂತ ಮೇಲೂ ಪಿಸ್ಟನ್ ಪೂರ್ತಿ ತಳ್ಳುವಷ್ಟು ಚಾರ್ಜ್ ಉಳಿದಿರಬೇಕು.

ತಂತಿಕೋಲು:

ಎಲ್ಲಕ್ಕೂ ಒಪ್ಪಿದೆ. ಒಂದು ಸೇರಿಸುತ್ತೇನೆ. ಪಿಸ್ಟನ್ 200 ಮಿ.ಲೀ. ನೀರು ಎಳೆದುಕೊಂಡಾಗ ಕೊಳವೆಯೊಳಗಿನ ಗಾಳಿ ಅಷ್ಟು ಕುಗ್ಗುತ್ತದೆ. ಒಳಗೆ ಒಂದು ಲೀಟರ್ ಗಾಳಿ ಇದೆ ಅಂದುಕೊಳ್ಳಿ, ಆಗ ಒತ್ತಡ ಕಾಲು ಬಾರ್ ಏರುತ್ತದೆ. 69 ಮಿ.ಮೀ. ಮುಚ್ಚಳದ ಮೇಲೆ ಅದು 9 ಕೆ.ಜಿ.ಗೂ ಜಾಸ್ತಿ ತಳ್ಳು. ಹೊರಗಿನ ನೀರಿನ ಒತ್ತಡ ಸ್ವಲ್ಪ ಕಳೆಯುತ್ತದೆ, ಆದರೂ ಓ-ರಿಂಗ್ ಹಿಡಿತವನ್ನೇ ನಂಬಬೇಡಿ. ಎರಡೂ ಮುಚ್ಚಳಗಳನ್ನು ಕೊಳವೆಯ ಉದ್ದಕ್ಕೆ ಥ್ರೆಡ್ ಇರುವ ಸ್ಟೀಲ್ ಕಡ್ಡಿಯಿಂದ ಬಿಗಿಯಿರಿ. ಒಂದು ಮುಚ್ಚಳದಲ್ಲಿ ಗಾಳಿ ಬಿಡುವ ಸಣ್ಣ ಸ್ಕ್ರೂ ಇರಲಿ, ಮುಚ್ಚುವಾಗ ತೆಗೆದಿಟ್ಟು ಕೊನೆಗೆ ಬಿಗಿಯುವುದು. ಅದೇ ತೂತಿಗೆ ಸಿರಿಂಜ್ ಜೋಡಿಸಿ ಗಾಳಿ ಒತ್ತಿ, ಬ್ಯಾಟರಿ ಹಾಕುವ ಮೊದಲು ಬಕೆಟ್‌ನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದಾ ನೋಡಿ. ಶಾಫ್ಟ್ ಸೀಲ್ ಹತ್ತಿರ ಜಾಸ್ತಿ ಹೊತ್ತು ನೋಡಿ, ಮೋಟರನ್ನು ಕೈಯಿಂದ ತಿರುಗಿಸುತ್ತಾ.