ಫ್ರೀ ಸಾಫ್ಟ್‌ವೇರ್ ಬಗ್ಗೆ ಆನ್‌ಲೈನಲ್ಲಿ ಪ್ರಚಾರ ಮಾಡ್ಬೇಕು ಅಂತಿದೀನಿ, ಎಲ್ಲಿಂದ ಶುರು ಮಾಡ್ಲಿ?

ಹೇಮಾವತಿ_ದಂಡೆ (ಹಾಸನ)
ಎಲ್ರಿಗೂ ನಮಸ್ಕಾರ, ನಾನು ಹಾಸನದಲ್ಲಿ ಇಂಜಿನಿಯರಿಂಗ್ ಓದ್ತಾ ಇದೀನಿ. ಮನೇಲಿದ್ದ ಹಳೇ ಲ್ಯಾಪ್‌ಟಾಪ್‌ಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಫ್ರೀ ಆಪರೇಟಿಂಗ್ ಸಿಸ್ಟಂ ಹಾಕ್ಕೊಂಡಾಗಿಂದ ಇದನ್ನ ನಾಲ್ಕು ಜನಕ್ಕೆ ತಿಳಿಸ್ಬೇಕು ಅಂತ ತುಂಬಾ ಆಸೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗೀತು, 11 ಹಾಕೋಣ ಅಂದ್ರೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಬೇಕು ಹೊಸ ಪ್ರೊಸೆಸರ್ ಬೇಕು ಅಂತಾರೆ, ಚೆನ್ನಾಗಿ ಓಡ್ತಿರೋ ಮಷೀನ್‌ಗಳನ್ನ ಜನ ಗುಜರಿಗೆ ಹಾಕೋದು ನೋಡಿದ್ರೆ ಹೊಟ್ಟೆ ಉರಿಯತ್ತೆ. ಇನ್‌ಸ್ಟಾಗ್ರಾಂನಲ್ಲಿ ಪೋಸ್ಟರ್ ಹಾಕ್ತಿದೀನಿ, ಫ್ರೆಂಡ್ಸ್ ಲೈಕ್ ಒತ್ತಿ ಹೋಗ್ತಾರೆ, ಒಬ್ರೂ ಇನ್‌ಸ್ಟಾಲ್ ಮಾಡ್ಕೊಂಡಿಲ್ಲ. ದುಡ್ಡು ಏನೂ ಬೇಡ, ಭಾನುವಾರ ಕೂತು ಮಾಡೋಕೆ ರೆಡಿ ಇದೀನಿ. ಯೂಟ್ಯೂಬ್ ಮಾಡ್ಲಾ, ಬರೀಲಾ, ಏನ್ ಮಾಡಿದ್ರೆ ಜನ ನಿಜವಾಗ್ಲೂ ಬಳಸ್ತಾರೆ?

ಡಿಟಿಪಿ_ಬಿಎಂ_ರೋಡ್
ಒಳ್ಳೇ ಕೆಲಸಕ್ಕೆ ಕೈ ಹಾಕಿದೀಯ ಕಣಪ್ಪ. ಪೋಸ್ಟರ್ ಬಿಡು, ಜನ ಎಲ್ಲಿ ಸಿಕ್ಕಾಕ್ಕೊಂಡಿದಾರೋ ಅಲ್ಲಿಂದ ಶುರು ಮಾಡು. ನನ್ ಅಂಗಡಿಗೆ ಬರೋರು ಕೇಳೋದು ಒಂದೇ, ಕನ್ನಡ ಟೈಪ್ ಆಗತ್ತಾ, ನಮ್ ಹಳೇ ನುಡಿ ಫೈಲ್ ಓಪನ್ ಆಗತ್ತಾ ಅಂತ. ನುಡಿ, ಬರಹ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೇ ಆಸ್ಕಿ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರ ಕೂರ್ಸಿರ್ತಾರೆ, ಆ ಫಾಂಟ್ ಇಲ್ದಿರೋ ಕಂಪ್ಯೂಟರಲ್ಲಿ ತೆಗೆದ್ರೆ ಇಂಗ್ಲಿಷ್ ಅಕ್ಷರದ ತಲೆ ಮೇಲೆ ಗೀಟು ಚುಕ್ಕೆ ಎಳೆದಂಗೆ ಏನೇನೋ ಬರತ್ತೆ, ಜನ ಅದನ್ನ ನೋಡಿ ಲಿನಕ್ಸಲ್ಲಿ ಕನ್ನಡ ಬರಲ್ಲ ಅಂತ ತೀರ್ಮಾನ ಮಾಡ್ಬಿಡ್ತಾರೆ. ಅದು ಲಿನಕ್ಸ್ ತಪ್ಪಲ್ಲ, ಒಂದ್ಸಲ ಯುನಿಕೋಡ್‌ಗೆ, ಅಂದ್ರೆ ಎಲ್ಲಾ ಕಡೆ ಒಂದೇ ಥರ ಓದೋಕೆ ಬರೋ ಅಕ್ಷರ ಸಂಕೇತಕ್ಕೆ, ಪರಿವರ್ತನೆ ಮಾಡಿದ್ರೆ ಆ ಫೈಲು ಮೊಬೈಲಲ್ಲೂ ಓದ್ಬೋದು, ಎಂಎಸ್ ಆಫೀಸ್ ಬದಲು ಬಳಸೋ ಲಿಬ್ರೆ ಆಫೀಸಲ್ಲೂ ಓದ್ಬೋದು. ಇದನ್ನೇ ಒಂದು ವಿಡಿಯೋ ಮಾಡಿ ತೋರ್ಸು.

ಇನ್ನೊಂದು, ಮಿಂಟ್‌ನ ಕೀಬೋರ್ಡ್ ಸೆಟ್ಟಿಂಗ್ಸ್‌ಗೆ ಹೋಗಿ ಲೇಔಟ್ಸಲ್ಲಿ ಕನ್ನಡ ಕಗಪ ಅಂತ ಸೇರಿಸಿದ್ರೆ ಸಾಕು, ನುಡೀಲಿ ಕೈ ಪಳಗಿರೋರಿಗೆ ಹೊಸದಾಗಿ ಕಲಿಯೋದೇ ಇಲ್ಲ. ಕೆ ಒತ್ತಿ ಎಫ್ ಒತ್ತಿ ಆರ್ ಒತ್ತಿದ್ರೆ ಕ್ರ, ಅದೇ ಹಳೇ ಅಭ್ಯಾಸ. ಇದನ್ನ ಕಣ್ಣಾರೆ ನೋಡಿದ ಗುಮಾಸ್ತರು ಅಲ್ಲೇ ಕೂತು ಒಂದು ಅರ್ಜಿ ಟೈಪ್ ಮಾಡ್ತಾರೆ ನೋಡು, ಆಮೇಲೆ ನೀನು ಏನೂ ಹೇಳೋದೇ ಬೇಡ.

ಓಡಲ್ಲ ಅನ್ನೋದನ್ನ ಓಡಲ್ಲ ಅಂತಾನೇ ಹೇಳು. ಲೆಕ್ಕಕ್ಕೆ ಟ್ಯಾಲಿ ಬೇಕು ಅನ್ನೋ ಅಂಗಡಿಯವರಿಗೆ, ಡಿಸೈನಿಗೆ ಕೋರಲ್ ಡ್ರಾ ಇಲ್ದೆ ಆಗಲ್ಲ ಅನ್ನೋರಿಗೆ ಬಲವಂತ ಮಾಡಿದ್ರೆ ಅವ್ರು ವಾಪಸ್ ಹೋಗೋದಲ್ದೆ ಹತ್ತು ಜನಕ್ಕೆ ಬೇಡ ಅಂತಾನೂ ಹೇಳ್ತಾರೆ.

ಮೂಡಿಗೆರೆ_ಟೀಚರ್
ಅವರು ಹೇಳಿದ್ದು ಸರಿ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟೂ ಇರಲ್ಲ ನೆಟ್‌ವರ್ಕೂ ಇರಲ್ಲ, ಅರ್ಧ ಗಂಟೆ ವಿಡಿಯೋ ಯಾರೂ ನೋಡಲ್ಲಪ್ಪ, ಎರಡು ಮೂರು ನಿಮಿಷದ್ದು ಮಾಡಿ ವಾಟ್ಸಾಪಲ್ಲಿ ಕಳ್ಸೋ ಹಾಗಿರ್ಲಿ, ಜೊತೇಲಿ ಅದೇ ವಿಷ್ಯ ಹತ್ತು ಸಾಲಲ್ಲಿ ಬರೆದು ಹಾಕಿ, ಪೋಷಕರು ಓದ್ತಾರೆ. ಮುಖ್ಯವಾಗಿ ಕೆಳಗೆ ಬರೋ ಪ್ರಶ್ನೆಗೆ ಉತ್ತರ ಕೊಡಿ. ಪ್ರಿಂಟರ್ ಬರ್ತಿಲ್ಲ ಅಂತ ಒಬ್ರು ಕೇಳಿ ನೀವು ಸುಮ್ನಿದ್ರೆ ಅಲ್ಲಿಗೆ ಮುಗೀತು.

ಶಾಲೆಯವರಿಗೆ ಅಂತಾನೇ ಒಂದಿಷ್ಟು ಮಾಡಿ, ದಯವಿಟ್ಟು. ನಾನು ಮೊದ್ಲು ಇದ್ದ ಒಂದು ಶಾಲೇಲಿ ಎಲ್ಲಾ ಕಂಪ್ಯೂಟರಲ್ಲೂ ಕಾಸು ಕೊಡದೆ ಕ್ರ್ಯಾಕ್ ಮಾಡಿದ ಎಂಎಸ್ ಆಫೀಸೇ ಇತ್ತು, ಮಕ್ಕಳಿಗೆ ಪ್ರಾಮಾಣಿಕತೆ ಪಾಠ ಮಾಡೋ ನಾವೇ ಹಾಗಿರೋದು ನಂಗೆ ಸರಿ ಬರ್ಲಿಲ್ಲ. ಮಕ್ಕಳ ಕಲಿಕೆ ಆಟಗಳಿರೋ ಜಿಕಾಂಪ್ರಿ, ಚಿತ್ರ ಬಿಡಿಸೋ ಟಕ್ಸ್ ಪೇಂಟ್ ತರದ್ದನ್ನ ಪೆನ್‌ಡ್ರೈವಲ್ಲಿ ಹಾಕಿ ಮಗು ಮನೆಗೆ ಒಯ್ದು ಅಣ್ಣಂಗೆ ಕೊಟ್ರೂ ಕಾನೂನು ಪ್ರಕಾರ ಸರೀನೇ, ಹಂಚೋ ಹಕ್ಕು ಲೈಸೆನ್ಸಲ್ಲೇ ಇದೆ. ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆಗಳಲ್ಲಿ ಶಾಲೆಗಳ ತಂತ್ರಜ್ಞಾನ ನೋಡ್ಕೊಳ್ಳೋ ಕೈಟ್ ಸಂಸ್ಥೆ ಉಬುಂಟು ಆಧಾರದ ಲಿನಕ್ಸನ್ನೇ ಕೊಟ್ಟಿದೆ, ಅಲ್ಲಿ ಆಗಿರೋದು ಇಲ್ಲಿ ಯಾಕಾಗಲ್ಲ?

ಕಾಫಿನಾಡು_ಫಾಸ್ (ಚಿಕ್ಕಮಗಳೂರು)
ಇಬ್ರ ಮಾತೂ ಒಪ್ತೀನಿ, ಆದ್ರೆ ಒಂದು ಕಡೆ ನಂದು ಬೇರೆ ಅಭಿಪ್ರಾಯ. ಕಾಸಿಲ್ಲ, ಹಳೇ ಲ್ಯಾಪ್‌ಟಾಪಲ್ಲಿ ಓಡತ್ತೆ ಅಂತ ಮಾತ್ರ ಹೇಳಿದ್ರೆ, ನಾಳೆ ಇನ್ಯಾರೋ ಕಂಪನಿ ಕಾಸಿಲ್ದೆ ಏನೋ ಕೊಟ್ರೆ ಜನ ಆ ಕಡೆ ಹೊರಟ್ರು. ಸ್ವಾತಂತ್ರ್ಯದ ಮಾತು ಬಿಡ್ಬಾರ್ದು. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಅನ್ನೋ ಫ್ರೀ ಆಪರೇಟಿಂಗ್ ಸಿಸ್ಟಂ ಯೋಜನೆ ಘೋಷಿಸಿದ್ದು, 1985ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಕಟ್ಟಿದ್ದು ದುಡ್ಡು ಉಳ್ಸೋಕಲ್ಲ, ಬಳಸೋಕೆ, ಒಳಗೆ ಏನಿದೆ ನೋಡಿ ತಿದ್ದೋಕೆ, ಹಂಚೋಕೆ, ತಿದ್ದಿದ್ದನ್ನೂ ಹಂಚೋಕೆ ನಮಗೆ ಹಕ್ಕಿರ್ಬೇಕು ಅಂತ.

ಇದನ್ನ ಕಥೆ ಮಾಡಿ ಹೇಳಿ ಬ್ರೋ, ಜನ ಕೇಳ್ತಾರೆ. 2010ರಲ್ಲಿ ಸನ್ ಕಂಪನೀನ ಒರಾಕಲ್ ಕಂಪನಿ ತಗೊಂಡಾಗ, ಸನ್ ನಡೆಸ್ತಿದ್ದ ಓಪನ್ ಆಫೀಸ್ ಗತಿ ಏನು ಅಂತ ಅದರಲ್ಲಿ ಕೆಲ್ಸ ಮಾಡ್ತಿದ್ದೋರಿಗೆ ಭಯ ಆಯ್ತು, ಅವ್ರು ಅದೇ ವರ್ಷ ಸೆಪ್ಟೆಂಬರಲ್ಲಿ ಅದೇ ಕೋಡ್ ಇಟ್ಕೊಂಡು ಹೊರಗೆ ಬಂದು ಲಿಬ್ರೆ ಆಫೀಸ್ ಶುರು ಮಾಡಿದ್ರು. ಲೈಸೆನ್ಸಲ್ಲಿ ಅನುಮತಿ ಇದ್ದಿದ್ದಕ್ಕೆ ತಾನೇ ಅದು ಸಾಧ್ಯ ಆಗಿದ್ದು? ಆ ಹಕ್ಕು ಇಲ್ದಿದ್ರೆ ಮಾಲೀಕರು ಬಾಗಿಲು ಹಾಕಿದ ದಿನ ನಮ್ ಫೈಲ್‌ಗಳ ಗತಿ ಅಷ್ಟೇ.

ವಿಡಿಯೋನ ಓಬಿಎಸ್ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿ, ಕೆಡೆನ್‌ಲೈವಲ್ಲಿ ಕಟ್ ಮಾಡಿ, ಎರಡೂ ಫ್ರೀ ಸಾಫ್ಟ್‌ವೇರೇ, ಹೇಳೋದೊಂದು ಮಾಡೋದೊಂದು ಆಗ್ಬಾರ್ದು. ಯೂಟ್ಯೂಬಲ್ಲಿ ಜನ ಇದಾರೆ ಅಲ್ಲಿ ಇರ್ಲಿ, ಫ್ರೀ ಸಾಫ್ಟ್‌ವೇರಲ್ಲೇ ನಡೆಯೋ ವಿಡಿಯೋ ತಾಣ ಪೀರ್‌ಟ್ಯೂಬಲ್ಲೂ ಒಂದು ಕಾಪಿ ಇಡಿ, ಬೇರೆಯವ್ರೂ ಹಂಚ್ಬೋದು ಅನ್ನೋ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಕೊಡಿ, ಬೇರೆ ಊರಿನೋರು ತಗೊಂಡು ತಮ್ಮ ಗ್ರೂಪಲ್ಲಿ ಹಾಕ್ಲಿ. ಮಾತಾಡೋಕೆ ಸಂಕೋಚ ಇದ್ರೆ ಅನುವಾದಕ್ಕೆ ಬನ್ನಿ, ಲಿಬ್ರೆ ಆಫೀಸಿನ ಮೆನು, ಸಂದೇಶದ ಸಾಲುಗಳನ್ನ ವೆಬ್‌ಲೇಟ್ ಅನ್ನೋ ಅನುವಾದ ತಾಣದಲ್ಲಿ ಬ್ರೌಸರಿಂದಾನೇ ಕನ್ನಡ ಮಾಡ್ಬೋದು, ಕೋಡಿಂಗ್ ಬರ್ಬೇಕಿಲ್ಲ. ಸೆಪ್ಟೆಂಬರ್ ಮೂರನೇ ಶನಿವಾರ ಸಾಫ್ಟ್‌ವೇರ್ ಫ್ರೀಡಂ ಡೇ ಬರತ್ತೆ, ಅದಕ್ಕೆ ಹಾಸನ ಚಿಕ್ಕಮಗಳೂರು ಸೇರಿ ಏನಾದ್ರೂ ಮಾಡೋಣ.

ಹೇಮಾವತಿ_ದಂಡೆ (ಹಾಸನ)
ಎಲ್ರಿಗೂ ಥ್ಯಾಂಕ್ಸ್. ಮೊದಲ್ನೇ ವಿಡಿಯೋ ಕಗಪ ಕೀಬೋರ್ಡ್ ಮೇಲೆ, ಎರಡನೇದು ನುಡಿ ಫೈಲ್ ಪರಿವರ್ತನೆ ಅಂತ ಇಟ್ಕೋತೀನಿ. ಲಿಬ್ರೆ ಆಫೀಸ್ ಕಥೇನ ಅದ್ರಲ್ಲೇ ಸೇರಿಸ್ತೀನಿ ಬ್ರೋ, ಫೈಲ್ ಓಪನ್ ಆದ ಮೇಲೆ ಹೇಳಿದ್ರೆ ಜನ ಕೂತು ಕೇಳ್ತಾರೆ ಅನ್ಸತ್ತೆ. ಮೇಡಂ, ಪೆನ್‌ಡ್ರೈವಿಂದ ಲೈವ್ ಬೂಟ್, ಅಂದ್ರೆ ಇನ್‌ಸ್ಟಾಲ್ ಮಾಡ್ದೆ ನೇರವಾಗಿ ಲಿನಕ್ಸ್ ಓಡ್ಸೋದೂ ತೋರಿಸ್ತೀನಿ, ಹಾರ್ಡ್ ಡಿಸ್ಕ್ ಮುಟ್ಟದೇನೇ ಶಾಲೇಲಿ ನೋಡ್ಬೋದು. ಅಣ್ಣ, ವಿಡಿಯೋಗೆ ಒಂದು ಹಳೇ ನುಡಿ ಫೈಲ್ ಬೇಕಿತ್ತು, ನಿಮ್ ಹತ್ರ ಇದ್ಯಾ?

ಡಿಟಿಪಿ_ಬಿಎಂ_ರೋಡ್
ಲಗ್ನಪತ್ರಿಕೆ ಫೈಲ್ ಬೇಕಾದಷ್ಟಿದೆ. ಹೆಸರು ಊರು ಎಲ್ಲಾ ತೆಗೆದು ಒಂದನ್ನ ಕಳ್ಸ್ತೀನಿ, ಒತ್ತಕ್ಷರ ಜಾಸ್ತಿ ಇರೋದನ್ನೇ ಆರಿಸಿರ್ತೀನಿ, ಪರಿವರ್ತನೇಲಿ ಎಡವೋದು ಅಲ್ಲೇ. ಅರ್ಕಾವತ್ತು ಇರೋ ಪದಗಳನ್ನ ಒಂದೊಂದೇ ಕಣ್ಣಲ್ಲಿ ನೋಡಿ ತಿದ್ದು, ಆಮೇಲೆ ರೆಕಾರ್ಡ್ ಮಾಡು.